ಲೀಸ್ ಮುಗೀತು, ಗಾಡಿ ಇಟ್ಕೊಳ್ಳೋದಾ ಬಿಡೋದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಲೀಸ್‌ಗೆ, ಅಂದರೆ ತಿಂಗಳ ಕಂತು ಕಟ್ಟಿ ಇಂತಿಷ್ಟು ವರ್ಷ ಓಡಿಸುವ ಬಾಡಿಗೆಗೆ, ತೆಗೆದುಕೊಂಡ ಗಾಡಿಯ ಅವಧಿ ಮುಗಿಯುತ್ತಿದೆ, ಅದನ್ನೇ ಕೊಂಡುಬಿಡಲಾ, ವಾಪಸ್ ಕೊಡಲಾ ಅಂತ. ಹೊಸ ಓದುಗರಿಗೆ ಒಂದು ಮಾತು. ಈ ಅಂಕಣ ಬರೆಯುವ ಮುಂಚೆ ನಾನು 14 ವರ್ಷ ಒಂದು ಲೀಸಿಂಗ್ ಕಂಪನಿಯ ಅಂಗಳದಲ್ಲಿ ಕೆಲಸ ಮಾಡಿದವಳು. ವಾಪಸ್ ಬಂದ ಗಾಡಿಗಳ ಸುತ್ತ ಸುತ್ತಿ, ಎಲ್ಲಿ ಗೀರು, ಎಲ್ಲಿ ಡೆಂಟು, ಟೈರ್ ಎಷ್ಟು ಸವೆದಿದೆ ಅಂತ ಬರೆದುಕೊಳ್ಳುವುದೇ ಕೆಲಸ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಪೆನ್ನು. ಗಾಡಿ ತಂದವರು ನನ್ನ ಕಡೆ ಎಂಥ ಮುಖ ಮಾಡಿಕೊಂಡು ನೋಡುತ್ತಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈಗ ಅದೇ ಜನರ ಪಕ್ಕ ಕೂತು ಉತ್ತರ ಹೇಳುತ್ತಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಕಾರಿನ ಮೂರು ವರ್ಷದ ಲೀಸ್ ಇನ್ನು ಮೂರು ತಿಂಗಳಿಗೆ ಮುಗಿಯುತ್ತದೆ. ಒಪ್ಪಂದದಲ್ಲಿ ಬರೆದ ಮೊತ್ತ ಕೊಟ್ಟರೆ ಗಾಡಿ ನಿಮ್ಮದೇ ಅಂತ ಕಂಪನಿಯಿಂದ ಪತ್ರ ಬಂದಿದೆ. ಆ ಮೊತ್ತ ನೋಡಿದರೆ ಹೊಸ ಕಾರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಇದೆ! ಅಲ್ಲ, ಈಗಾಗಲೇ 33 ಕಂತು ಕಟ್ಟಿದ್ದೇನಲ್ಲ, ಆ ದುಡ್ಡೆಲ್ಲ ಎಲ್ಲಿ ಹೋಯಿತು? ಇಷ್ಟು ಕೊಟ್ಟು ಕೊಳ್ಳುವುದು ದಡ್ಡತನ ಅಲ್ವಾ?

ಉತ್ತರ: ದುಡ್ಡು ಎಲ್ಲೂ ಹೋಗಿಲ್ಲ. ನೀವೇ ಓಡಿಸಿ ಮುಗಿಸಿದ್ದೀರಿ.

ಹೊಸ ಗಾಡಿಯ ಬೆಲೆ 100 ಅಂತ ಇಟ್ಟುಕೊಳ್ಳೋಣ. ಮೂರು ವರ್ಷ ಕಳೆದ ಮೇಲೆ ಅದು 55 ಬೆಲೆ ಬಾಳಬಹುದು ಅಂತ ಲೀಸ್ ಕೊಟ್ಟ ದಿನವೇ ಕಂಪನಿ ಅಂದಾಜು ಮಾಡುತ್ತದೆ. ಈ 55ಕ್ಕೆ ರೆಸಿಡ್ಯುಯಲ್ ವ್ಯಾಲ್ಯೂ ಅನ್ನುತ್ತಾರೆ. ನಾವು ಉಳಿಕೆ ಬೆಲೆ ಅನ್ನೋಣ. ಮಧ್ಯದಲ್ಲಿ ಕರಗಿದ 45 ಇದೆಯಲ್ಲ, ಅದನ್ನೇ 36 ಪಾಲು ಮಾಡಿ ನಿಮ್ಮಿಂದ ಕಂತು ಕಟ್ಟಿಸಿಕೊಂಡದ್ದು. ಜೊತೆಗೆ ಬಡ್ಡಿ. ಬಡ್ಡಿ ಬರೀ ಆ 45ಕ್ಕೆ ಅಂದುಕೊಳ್ಳಬೇಡಿ. ಉಳಿದ 55 ಕೂಡ ಕಂಪನಿಯ ದುಡ್ಡೇ, ಮೂರು ವರ್ಷ ನಿಮ್ಮ ಮನೆ ಮುಂದೆ ನಿಂತಿತ್ತು. ಅದಕ್ಕೂ ಬಡ್ಡಿ ಕಟ್ಟಿದ್ದೀರಿ. ಆದರೆ ಅಸಲಿನಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಆ 55 ಹಾಗೇ ಇದೆ.

ಹಾಗಾಗಿ ಕಟ್ಟಿದ ಕಂತಿನ ಲೆಕ್ಕ ಈಗ ಮರೆತುಬಿಡಿ. ಅಂಗಳದಲ್ಲಿ ಎರಡು ಥರದವರನ್ನು ನೋಡಿದ್ದೇನೆ. 'ಇಷ್ಟೊಂದು ಕಟ್ಟಿದ್ದೇನೆ, ಈಗ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ' ಅಂತ ಕೊಂಡವರು ಒಂದು ಕಡೆ. 'ಕಟ್ಟಿದ್ದು ಸಾಕು, ಇನ್ನೊಂದು ಪೈಸೆ ಕೊಡಲ್ಲ' ಅಂತ ಕೀ ಬಿಸಾಕಿ ಹೋದವರು ಇನ್ನೊಂದು ಕಡೆ. ಇಬ್ಬರೂ ಹಳೇ ಲೆಕ್ಕ ನೋಡಿ ಹೊಸ ವ್ಯಾಪಾರ ಮಾಡಿದವರೇ.

ನೀವು ನೋಡಬೇಕಾದ್ದು ಇಷ್ಟು: ನಿಮ್ಮ ಕಾರಿನಂಥದ್ದೇ ಕಾರು, ಅದೇ ವರ್ಷದ್ದು, ಅಷ್ಟೇ ಕಿಲೋಮೀಟರ್ ಓಡಿದ್ದು, ಈ ವಾರ ಹೊರಗೆ ಎಷ್ಟಕ್ಕೆ ಸಿಗುತ್ತದೆ? ಆ 55 ಅನ್ನುವ ಅಂಕಿ ಮೂರು ವರ್ಷದ ಹಿಂದೆ ಯಾರೋ ಕೂತು ಮಾಡಿದ ಊಹೆ. ಊಹೆ ಮೇಲೂ ತಪ್ಪಬಹುದು, ಕೆಳಗೂ ತಪ್ಪಬಹುದು. 2021ರಲ್ಲಿ ಚಿಪ್ ಸಿಗದೆ ಕಾರು ಕಾರ್ಖಾನೆಗಳು ಸೊರಗಿದವಲ್ಲ, ಆಗ ಹೊಸ ಗಾಡಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಳೇ ಗಾಡಿಯ ಬೆಲೆ ಏರಿ ಕೂತಿತು. 2018ರಲ್ಲಿ ಲೀಸ್ ಬರೆಸಿದ್ದವರ ಉಳಿಕೆ ಬೆಲೆ ಆ ಹೊತ್ತಿಗೆ ತೀರಾ ಅಗ್ಗವಾಗಿತ್ತು. ಕೊಂಡವರು ಗೆದ್ದರು. ಅದು ಗೊತ್ತಿಲ್ಲದೆ ಸುಮ್ನೆ ವಾಪಸ್ ಕೊಟ್ಟವರೂ ಇದ್ದರು. ಆ ಲಾಭ ಕಂಪನಿಯ ಜೇಬಿಗೆ ಹೋಯಿತು. ಅದರ ತದ್ವಿರುದ್ಧ ಕಥೆ ವಿದ್ಯುತ್ ಕಾರುಗಳದ್ದು, ಅದನ್ನು ಕೆಳಗೆ ಇನ್ನೊಬ್ಬರಿಗೆ ಹೇಳಿದ್ದೇನೆ.

ಹೊರಗಿನ ಬೆಲೆ ಕೇಳುವಾಗ ಒಂದು ವಿಷಯ ಮರೆಯಬೇಡಿ. ಹಳೇ ಗಾಡಿಗೆ ಒಂದು ಬೆಲೆ ಇರುವುದಿಲ್ಲ, ಎರಡು ಇರುತ್ತವೆ. ವ್ಯಾಪಾರಿ ನಿಮ್ಮಿಂದ ಕೊಳ್ಳುವ ಬೆಲೆ, ಆಮೇಲೆ ಅದನ್ನೇ ತೊಳೆದು ಮಾರುವ ಬೆಲೆ. ಗಾಡಿಯನ್ನು ನೀವೇ ಇಟ್ಟುಕೊಳ್ಳುವುದಾದರೆ ಅವನು ಮಾರುವ ಬೆಲೆಯ ಜೊತೆ ಹೋಲಿಸಿ, ಯಾಕಂದರೆ ಅಂಥದ್ದೇ ಬೇಕೆಂದು ಹೊರಗೆ ಹೋದರೆ ನೀವು ಕೊಡುವುದು ಅದನ್ನೇ. ಕೊಂಡ ಮರುವಾರವೇ ಮಾರುವ ಯೋಚನೆ ಇದ್ದರೆ ಅವನು ಕೊಳ್ಳುವ ಬೆಲೆ ನೋಡಿ. ಈ ಎರಡನ್ನು ಕಲಸಿಕೊಂಡು ಲೆಕ್ಕ ಹಾಕಿದವರೇ ನನಗೆ ಜಾಸ್ತಿ ಸಿಕ್ಕಿದ್ದು.

ಇನ್ನೊಂದು, ಇದಕ್ಕೆ ಯಾರೂ ಅಂಕಿ ಹಾಕುವುದಿಲ್ಲ. ಹೊರಗಿನ ಹಳೇ ಕಾರನ್ನು ಯಾರು ಹೇಗೆ ಓಡಿಸಿದ್ದರೋ ನಿಮಗೆ ಗೊತ್ತಿಲ್ಲ. ನಿಮ್ಮದು ಗೊತ್ತು. ಆಯಿಲ್ ಯಾವಾಗ ಬದಲಾಯಿತು, ಹಿಂದಿನ ಬಲಗಡೆ ಬಾಗಿಲು ಯಾಕೆ ಒಂದು ಥರಾ ಸದ್ದು ಮಾಡುತ್ತದೆ, ಎಲ್ಲ ಗೊತ್ತು. ಬೆಲೆ ಎರಡೂ ಕಡೆ ಹತ್ತಿರ ಹತ್ತಿರ ಇದ್ದರೆ ನಾನಂತೂ ಗೊತ್ತಿರುವ ಗಾಡಿಯನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ನೀವು ಸರ್ವಿಸ್ ತಪ್ಪಿಸಿದ್ದರೆ, ಇಂಜಿನ್ ದೀಪ ಹತ್ತಿದ್ದರೂ ನೋಡದ ಹಾಗೆ ಓಡಿಸಿದ್ದರೆ, ಅದೂ ನಿಮಗೆ ಗೊತ್ತು. ಪತ್ರದಲ್ಲಿ ಬರೆದಿಲ್ಲ, ಅಷ್ಟೇ.

ಪ್ರಶ್ನೆ: ಒಪ್ಪಂದದಲ್ಲಿ ಇದ್ದದ್ದು 45,000 ಕಿಲೋಮೀಟರ್. ನಾನು 63,000 ಓಡಿಸಿದ್ದೇನೆ. ಎಡಗಡೆ ಬಾಗಿಲಿಗೆ ಒಂದು ಡೆಂಟ್ ಬೇರೆ. ವಾಪಸ್ ಕೊಟ್ಟರೆ ದಂಡ ಹಾಕುತ್ತಾರಂತೆ. ಕೊಂಡುಕೊಂಡರೂ ದಂಡ ಕಟ್ಟಬೇಕಾ? ಮೊದಲು ಡೆಂಟ್ ತೆಗೆಸಿಬಿಡಲಾ?

ಉತ್ತರ: ಡೆಂಟ್ ಮುಟ್ಟಬೇಡಿ. ಮೊದಲು ತೀರ್ಮಾನ, ಆಮೇಲೆ ಟಿಂಕರಿಂಗ್.

ಜಾಸ್ತಿ ಓಡಿಸಿದ್ದಕ್ಕೆ, ಸವೆಸಿದ್ದಕ್ಕೆ ಹಾಕುವ ದುಡ್ಡು ಸಾಮಾನ್ಯವಾಗಿ ಗಾಡಿ ವಾಪಸ್ ಕೊಡುವವರಿಗೆ. ಕಂಪನಿ 45,000 ಓಡಿದ ಗಾಡಿ ಬರುತ್ತದೆ ಅಂತ ಅಂದಾಜು ಮಾಡಿತ್ತು, 63,000 ಓಡಿದ್ದು ಬಂದರೆ ಅವರಿಗೆ ನಷ್ಟ. ಅದನ್ನು ನಿಮ್ಮಿಂದ ತುಂಬಿಸಿಕೊಳ್ಳುತ್ತಾರೆ. ನೀವೇ ಕೊಂಡರೆ ಗಾಡಿ ಅವರಿಗೆ ಬರುವುದೇ ಇಲ್ಲ. ಆದ್ದರಿಂದ ಹೆಚ್ಚಿನ ಒಪ್ಪಂದಗಳಲ್ಲಿ ಈ ಎರಡೂ ಬೀಳುವುದಿಲ್ಲ. ವಾಪಸಾತಿ ಶುಲ್ಕ ಅಂತ ಕೊನೆಯಲ್ಲಿ ಒಂದು ಇರುತ್ತದೆ, ಅದೂ ತಪ್ಪುತ್ತದೆ. ಅದರ ಬದಲು ಕೆಲವರು ಖರೀದಿ ಶುಲ್ಕ ಅಂತ ಒಂದು ಹಾಕುತ್ತಾರೆ. ನಿಮ್ಮ ಒಪ್ಪಂದದ ಆ ಪುಟ ತೆಗೆದು ಒಮ್ಮೆ ಓದಿ.

ಈಗ ಲೆಕ್ಕ. ಮೇಲಿನ ಹಾಗೇ ಹೊಸ ಗಾಡಿಯ ಬೆಲೆ 100 ಅಂತ ಇಟ್ಟುಕೊಂಡರೆ ಉಳಿಕೆ ಬೆಲೆ 55, ಖರೀದಿ ಶುಲ್ಕ 1. ಒಟ್ಟು 56. ವಾಪಸ್ ಕೊಟ್ಟರೆ ಜಾಸ್ತಿ ಓಡಿಸಿದ್ದಕ್ಕೆ ಒಟ್ಟು 3, ಡೆಂಟಿಗೆ 1, ವಾಪಸಾತಿ ಶುಲ್ಕ 1. ಅಂದರೆ ಕೈಯಿಂದ 5 ಕೊಟ್ಟು ಬರಿಗೈಲಿ ಮನೆಗೆ ಬರುತ್ತೀರಿ. ಆಮೇಲೆ 63,000 ಓಡಿದ ಅಂಥದ್ದೇ ಕಾರು ಹೊರಗೆ 54ಕ್ಕೆ ಸಿಕ್ಕಿತು ಅನ್ನಿ. ನಿಮಗೆ ಬಿದ್ದದ್ದು 59. ಇಲ್ಲಿ 56ಕ್ಕೆ ಮುಗಿಯುತ್ತಿತ್ತು. ಹೊರಗೆ 48ಕ್ಕೆ ಸಿಗುವಂತಿದ್ದರೆ ಒಟ್ಟು 53, ಆಗ ಬಿಡುವುದೇ ವಾಸಿ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹೊರಗಿನ ಬೆಲೆ ಕೇಳುವಾಗ 45,000 ಓಡಿದ ಗಾಡಿಯ ಬೆಲೆ ಕೇಳಿಕೊಂಡು ಬರುತ್ತಾರೆ. ನಿಮ್ಮ ಗಾಡಿ 63,000 ಓಡಿದ್ದು. ಅದರ ಬೆಲೆಯನ್ನೇ ಕೇಳಬೇಕು. ತೆರಿಗೆ ಇಲ್ಲಿ ಬಿಟ್ಟಿದ್ದೇನೆ, ಅದನ್ನು ಎರಡೂ ಕಡೆಗೆ ಸೇರಿಸಿಕೊಳ್ಳಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಗಾಡಿ ತಂದರು. ಎರಡೂ ಬಂಪರ್‌ಗೆ ಹೊಸ ಪೇಂಟ್, ನಾಲ್ಕೂ ಹೊಸ ಟೈರ್, ಒಳಗೆ ಶಾಂಪೂ ವಾಸನೆ. ನಾನು ಪಟ್ಟಿ ತೆಗೆದರೆ ಬರೆಯಲು ಏನೂ ಇಲ್ಲ. ಅಷ್ಟೆಲ್ಲ ಆದ ಮೇಲೆ 'ಅಂದ ಹಾಗೆ, ನಾನಿದನ್ನು ಕೊಂಡುಕೊಳ್ಳೋಣ ಅಂತಿದ್ದೀನಿ' ಅಂದರು! ಟೈರ್ ಬಿಡಿ, ಅದು ಅವರಿಗೇ ಉಳಿಯುತ್ತದೆ. ಆ ಬಂಪರ್ ಪೇಂಟ್ ಯಾರಿಗೆ ತೋರಿಸಲು ಹೊಡೆಸಿದ್ದೋ.

ಅಕಸ್ಮಾತ್ ವಾಪಸ್ ಕೊಡುವುದೇ ಅಂತ ಆದರೆ ಎರಡು ಸಂಗತಿ ನೆನಪಿಡಿ. ಅವಧಿ ಮುಗಿಯುವ ಮುಂಚೆಯೇ ತಪಾಸಣೆ ಮಾಡಿಕೊಡಿ ಅಂತ ಕೇಳಿ. ಬಹಳ ಕಂಪನಿಗಳು ಮಾಡಿಕೊಡುತ್ತವೆ. ಆ ಪಟ್ಟಿ ಕೈಯಲ್ಲಿದ್ದರೆ ಯಾವುದನ್ನು ಹೊರಗೆ ಅಗ್ಗಕ್ಕೆ ಸರಿಮಾಡಿಸಬಹುದು ಅಂತ ಗೊತ್ತಾಗುತ್ತದೆ. ಇನ್ನೊಂದು, ಸಣ್ಣ ಗೀರಿಗೆಲ್ಲ ಗಾಬರಿ ಬೀಳಬೇಡಿ. ಕ್ರೆಡಿಟ್ ಕಾರ್ಡ್ ಇಟ್ಟು ನೋಡಿ, ಅದರ ಅಡಿಯಲ್ಲಿ ಮುಚ್ಚಿಹೋಗುವ ಗೀರನ್ನು ಸಹಜ ಸವೆತ ಅಂತ ಬಿಡುವ ಪದ್ಧತಿ ಅನೇಕ ಕಡೆ ಇದೆ. ಟೈರ್ ವಿಷಯ ಹಾಗಲ್ಲ. ಹೊಸ ಟೈರಿನ ಗೆರೆ ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ. ರಸ್ತೆ ಕಾನೂನು ಎಷ್ಟೋ ದೇಶಗಳಲ್ಲಿ 1.6 ಮಿಲಿಮೀಟರ್‌ವರೆಗೆ ಒಪ್ಪುತ್ತದೆ, ಆದರೆ ಲೀಸ್ ಕಂಪನಿ ಅದಕ್ಕಿಂತ ಜಾಸ್ತಿ ಕೇಳುವುದುಂಟು. 'ರೋಡಲ್ಲಿ ಓಡ್ತಾ ಇದೆಯಲ್ಲ ಮೇಡಂ' ಅಂದವರ ಜೊತೆ ನಾನು ಎಷ್ಟು ವಾದ ಮಾಡಿದ್ದೇನೋ ಲೆಕ್ಕವಿಲ್ಲ.

ಪ್ರಶ್ನೆ: ಉಳಿಕೆ ಬೆಲೆಯಲ್ಲಿ ಚೌಕಾಸಿ ಮಾಡಬಹುದಾ?

ಉತ್ತರ: ಆ ಅಂಕಿಯಲ್ಲಿ ಸಾಮಾನ್ಯವಾಗಿ ಇಲ್ಲ. ಅದು ಒಪ್ಪಂದದಲ್ಲಿ ಅಚ್ಚಾಗಿದೆ. ಹೊರಗಿನ ಬೆಲೆ ತುಂಬಾ ಕೆಳಗಿದ್ದಾಗ ಮಾತ್ರ ಕೆಲವು ಕಂಪನಿಗಳು ತಾವಾಗಿಯೇ ಇಳಿಸುತ್ತವೆ. ಗಾಡಿ ವಾಪಸ್ ಬಂದರೆ ಸಾಗಿಸಿ, ತೊಳೆದು, ಹರಾಜಿಗೆ ಹಾಕುವ ಖರ್ಚು ಅವರದ್ದೇ ತಾನೇ. ಕೇಳಿ ನೋಡುವುದರಲ್ಲಿ ತಪ್ಪೇನಿಲ್ಲ.

ಚೌಕಾಸಿ ಇರುವುದು ಬೇರೆ ಕಡೆ. ನನ್ನದೇ ಕಥೆ ಹೇಳುತ್ತೇನೆ. ಅಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೂ ಟೋಪಿ ಬಿತ್ತು.

ನನ್ನ ಸ್ವಂತ ಕಾರು ಬೇರೆ ಕಂಪನಿಯ ಲೀಸ್. ನಾಲ್ಕು ವರ್ಷ ಮುಗಿಯಿತು. ಬೂದು ಬಣ್ಣದ ಹ್ಯಾಚ್‌ಬ್ಯಾಕು, 52,000 ಓಡಿತ್ತು. ಹೊರಗಿನ ಬೆಲೆ ನೋಡಿದೆ, ಉಳಿಕೆ ಬೆಲೆ ಕಡಿಮೆಯೇ ಇತ್ತು. ಕೊಳ್ಳುವುದು ಅಂತ ತೀರ್ಮಾನ ಮಾಡಿದೆ. ಲೀಸ್ ಕಂಪನಿಗೆ ನೇರವಾಗಿ ಫೋನ್ ಮಾಡಬೇಕಿತ್ತು. ನಾನು ಸೋಮಾರಿ, ಕಾರು ತೆಗೆದುಕೊಂಡ ಡೀಲರ್ ಹತ್ತಿರ ಹೋದೆ. ದಾರಿಯಲ್ಲೇ ಸಿಗುತ್ತದೆ ಅಂತ. ಅಲ್ಲಿ ಒಬ್ಬ ಹುಡುಗ ತುಂಬಾ ಮರ್ಯಾದೆಯಿಂದ ಕೂರಿಸಿ ಕಾಗದ ತಂದ. ಒಟ್ಟು ಮೊತ್ತ ಒಪ್ಪಂದಕ್ಕಿಂತ ಜಾಸ್ತಿ. 'ತೆರಿಗೆ ಎಲ್ಲ ಸೇರಿ ಮೇಡಂ' ಅಂದ. ತಿಂಗಳ ಕಂತಿನ ಅಂಕಿ ಮಾತ್ರ ದೊಡ್ಡದಾಗಿ ಬರೆದಿದ್ದ. ಕಂತು ಪರವಾಗಿಲ್ಲ ಅನ್ನಿಸಿತು, ಸಹಿ ಹಾಕಿದೆ. ರಾತ್ರಿ ಮನೆಯಲ್ಲಿ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರೆ, ತಪಾಸಣೆ ಶುಲ್ಕ ಅಂತ ಒಂದು, ದಾಖಲೆ ಶುಲ್ಕ ಅಂತ ಒಂದು, ಬಣ್ಣ ಕಾಪಾಡುವ ಲೇಪನ ಅಂತ ಇನ್ನೊಂದು. ತಪಾಸಣೆ! ನನ್ನ ಕಾರನ್ನು ನನಗೇ ಮಾರಲು ತಪಾಸಣೆ! ಅದೂ ತಪಾಸಣೆಯನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ.

ಬೆಳಿಗ್ಗೆ ಹೋಗಿ ಜಗಳ ಆಡಿದೆ. ಲೇಪನದ ದುಡ್ಡು ವಾಪಸ್ ಬಂತು, ಯಾಕಂದರೆ ಇನ್ನೂ ಹಚ್ಚಿರಲಿಲ್ಲ. ಉಳಿದದ್ದು ಹೋಯಿತು. ಸಹಿ ಹಾಕಿದ್ದೆನಲ್ಲ.

ಅದಕ್ಕೇ ಹೇಳುವುದು, ಮೊದಲು ಲೀಸ್ ಕಂಪನಿಯಿಂದಲೇ ಕೊನೆಯ ಮೊತ್ತವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಅದರಲ್ಲಿ ಉಳಿಕೆ ಬೆಲೆ, ಖರೀದಿ ಶುಲ್ಕ, ಬಾಕಿ ಕಂತು, ತೆರಿಗೆ ಬೇರೆ ಬೇರೆ ಸಾಲಿನಲ್ಲಿ ಇರಲಿ. ನೇರವಾಗಿ ಅವರಿಗೇ ದುಡ್ಡು ಕಟ್ಟಿ ಮುಗಿಸಬಹುದಾ ಅಂತಲೂ ಕೇಳಿ. ಕೆಲವರು ಡೀಲರ್ ಮೂಲಕವೇ ಬನ್ನಿ ಅನ್ನುತ್ತಾರೆ. ಹಾಗಿದ್ದರೆ ಆ ಕಾಗದ ಹಿಡಿದುಕೊಂಡೇ ಹೋಗಿ, ಒಂದೊಂದು ಸಾಲಿಗೂ ಬೆರಳಿಟ್ಟು 'ಇದು ಯಾಕೆ' ಅಂತ ಕೇಳಿ. ತಿಂಗಳ ಕಂತಿನ ಮಾತು ಕೊನೆಗೆ ಆಡಿದರಾಯಿತು.

ಪ್ರಶ್ನೆ: ನನ್ನ ಒಪ್ಪಂದದಲ್ಲಿ ಬಡ್ಡಿ ಶೇಕಡಾ ಅಂತ ಎಲ್ಲೂ ಇಲ್ಲ. 0.0025 ಅಂತ ಏನೋ ಒಂದು ಇದೆ. ಏನಿದು?

ಉತ್ತರ: ಅದೇ ಬಡ್ಡಿ, ವೇಷ ಬೇರೆ. ಮನಿ ಫ್ಯಾಕ್ಟರ್ ಅನ್ನುತ್ತಾರೆ. 2400ರಿಂದ ಗುಣಿಸಿ. 0.0025 ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 6. 2400 ಯಾಕೆ ಅಂತ ಕೇಳುವವರಿಗೆ: 12 ತಿಂಗಳು, ಶೇಕಡಾ ಮಾಡಲು 100, ಇನ್ನೊಂದು 2. ಆರಂಭದ ಮೊತ್ತ, ಉಳಿಕೆ ಬೆಲೆ ಎರಡನ್ನೂ ಕೂಡಿ ಈ ಅಂಕಿಯಿಂದ ಗುಣಿಸುತ್ತಾರೆ. ಕೂಡಿದ್ದನ್ನು ಸರಾಸರಿಗೆ ಇಳಿಸದೆ ಹಾಗೇ ಬಿಡುತ್ತಾರೆ, ಅದಕ್ಕೇ ಆ 2. ನಿಮ್ಮ ಲೀಸ್ ಮುಗಿಯುತ್ತಿರುವುದರಿಂದ ಈಗ ಇದರಿಂದ ಉಪಯೋಗವಿಲ್ಲ. ಆದರೆ ಇನ್ನೊಂದು ಹೊಸ ಗಾಡಿ ಲೀಸ್‌ಗೆ ತೆಗೆದುಕೊಳ್ಳಿ ಅಂತ ಫೋನ್ ಬಂದೇ ಬರುತ್ತದೆ. ಆಗ ಗುಣಿಸಿ ನೋಡಿ.

ಪ್ರಶ್ನೆ: ಲೀಸ್ ಮುಗಿಯಲು ಇನ್ನೂ ಹತ್ತು ತಿಂಗಳಿದೆ. ಹೇಗೂ ಕೊಳ್ಳುವುದೇ, ಈಗಲೇ ಕೊಂಡರೆ ಬಡ್ಡಿ ಉಳಿಯುತ್ತದಲ್ವಾ?

ಉತ್ತರ: ಉಳಿಯಬಹುದು, ಉಳಿಯದೆಯೂ ಇರಬಹುದು. ಕೆಲವು ಒಪ್ಪಂದಗಳಲ್ಲಿ ಉಳಿದ ತಿಂಗಳ ಬಡ್ಡಿ ಬಿಡುತ್ತಾರೆ. ಕೆಲವದರಲ್ಲಿ ಉಳಿದ ಹತ್ತು ಕಂತನ್ನೂ ಪೂರ್ತಿ ಕೇಳಿ ಮೇಲೆ ಉಳಿಕೆ ಬೆಲೆ ಸೇರಿಸುತ್ತಾರೆ. ಹಾಗಾದರೆ ಹತ್ತು ತಿಂಗಳ ದುಡ್ಡನ್ನು ಮುಂಗಡ ಕೊಟ್ಟ ಹಾಗಾಯಿತು, ಲಾಭವೇನು? ಈ ದಿನ ಮುಗಿಸಿದರೆ ಎಷ್ಟು, ಅವಧಿಗೆ ಮುಗಿಸಿದರೆ ಎಷ್ಟು ಅಂತ ಎರಡು ಅಂಕಿ ಬರೆಸಿಕೊಳ್ಳಿ. ಗಾಡಿಗೆ ಆ ಹೊತ್ತಿಗೆ ಏನಾದರೂ ಆದರೆ ಅನ್ನುವುದನ್ನೂ ಯೋಚಿಸಿ. ಕಾದರೆ ಬೇಡ ಅನ್ನುವ ಅವಕಾಶ ಕೊನೇ ದಿನದವರೆಗೂ ನಿಮ್ಮ ಕೈಯಲ್ಲೇ ಇರುತ್ತದೆ. ನಾನಾದರೆ ಕಾಯುತ್ತೇನೆ.

ಪ್ರಶ್ನೆ: ಕೊಳ್ಳಲು ಸಾಲ ಮಾಡಬೇಕು. ಲೀಸ್ ಕಂಪನಿಯವರೇ ಸಾಲ ಕೊಡುತ್ತಾರಂತೆ. ಐದು ವರ್ಷಕ್ಕೆ ತೆಗೆದುಕೊಂಡರೆ ಕಂತು ಈಗಿನಷ್ಟೇ ಬರುತ್ತದೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ಮೂರು ವರ್ಷ ಲೀಸ್, ಐದು ವರ್ಷ ಸಾಲ. ಒಂದೇ ಗಾಡಿಗೆ ಎಂಟು ವರ್ಷ ಕಂತು. ತೊಂದರೆ ಕಂತಿನಲ್ಲಿ ಅಲ್ಲ, ಆ ಐದು ವರ್ಷದಲ್ಲಿ ಗಾಡಿ ಕೇಳುವ ಬೇರೆ ಖರ್ಚಿನಲ್ಲಿ ಇದೆ. ತಯಾರಕರ ವಾರಂಟಿ ಎಷ್ಟೋ ಗಾಡಿಗಳಿಗೆ ಮೂರು ವರ್ಷ, ಲೀಸ್ ಕೂಡ ಮೂರು ವರ್ಷ. ನೀವು ಗಾಡಿಯ ಯಜಮಾನರಾಗುವ ಹೊತ್ತಿಗೇ ಪುಕ್ಕಟೆ ರಿಪೇರಿ ನಿಲ್ಲುತ್ತದೆ. ಅದೇ ಹೊತ್ತಿಗೆ ಮೊದಲ ಟೈರ್‌ಗಳು ಸವೆದಿರುತ್ತವೆ, ಬ್ರೇಕ್ ಪ್ಯಾಡ್ ತೆಳ್ಳಗಾಗಿರುತ್ತದೆ, ಸ್ಟಾರ್ಟ್ ಮಾಡುವ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಕೈಕೊಡುತ್ತದೆ. ಈ ಮೂರನ್ನೂ ಮೊದಲ ವರ್ಷದ ಲೆಕ್ಕದಲ್ಲೇ ಹಿಡಿದುಬಿಡಿ.

ಸಾಲವನ್ನು ಮೂರು ವರ್ಷಕ್ಕೆ ಹಾಕಿ ನೋಡಿ. ಕಂತು ಕೈಗೆ ಎಟುಕದಿದ್ದರೆ ಗಾಡಿಯೇ ನಿಮಗೆ ದುಬಾರಿ ಅಂತ ಅರ್ಥ. ಹಳೇ ಗಾಡಿ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಜಾಸ್ತಿ ಇರುವುದು ಮಾಮೂಲು. ಆದ್ದರಿಂದ ಲೀಸ್ ಕಂಪನಿ ಹೇಳಿದ ಬಡ್ಡಿ ಒಪ್ಪುವ ಮುಂಚೆ ನಿಮ್ಮ ಬ್ಯಾಂಕಿನಲ್ಲೂ ವಿಚಾರಿಸಿ. ಬೇರೆಯವರ ಹೆಸರಲ್ಲಿರುವ ಗಾಡಿ ಕೊಳ್ಳಲು ಸಾಲ ಮಂಜೂರು ಮಾಡುವುದಕ್ಕೆ ಬ್ಯಾಂಕಿಗೆ ಸಮಯ ಬೇಕು. ಎರಡು ತಿಂಗಳ ಮುಂಚೆಯೇ ಅರ್ಜಿ ಹಾಕಿ. ಅವಧಿ ಮೀರುವಂತಿದ್ದರೆ ಒಂದೆರಡು ತಿಂಗಳು ಲೀಸ್ ಮುಂದುವರಿಸಿ ಅಂತ ಕೇಳಬಹುದು, ಎಷ್ಟೋ ಕಡೆ ಒಪ್ಪುತ್ತಾರೆ. ಆ ತಿಂಗಳ ಕಂತಿನಿಂದ ಉಳಿಕೆ ಬೆಲೆ ಇಳಿಯುತ್ತದಾ ಅಂತಲೂ ಕೇಳಿ. ಸಾಮಾನ್ಯವಾಗಿ ಇಳಿಯುವುದಿಲ್ಲ ಅನ್ನುತ್ತಾರೆ.

ಪ್ರಶ್ನೆ: ನಮ್ಮದು ವಿದ್ಯುತ್ ಕಾರು. ಓಡಿಸಲು ಚಿನ್ನದಂಥ ಗಾಡಿ. ಕೊಳ್ಳಬಹುದಾ?

ಉತ್ತರ: ಚಿನ್ನದಂಥ ಗಾಡಿ ಇರಬಹುದು, ಬೆಲೆ ನೋಡಿ. 2023ರಲ್ಲಿ ಟೆಸ್ಲಾ ತನ್ನ ಹೊಸ ಕಾರುಗಳ ಬೆಲೆ ಇಳಿಸಿತು. ಬೇರೆಯವರೂ ಪೈಪೋಟಿಗೆ ಬಿದ್ದರು. ಹೊಸದು ಅಗ್ಗವಾದರೆ ಹಳೇದನ್ನು ಯಾರು ಕೇಳುತ್ತಾರೆ? ಹಳೇ ವಿದ್ಯುತ್ ಕಾರುಗಳ ಬೆಲೆ ಜಾರಿತು. ಅದಕ್ಕೆ ಮುಂಚೆ ಬರೆದ ಒಪ್ಪಂದಗಳ ಉಳಿಕೆ ಬೆಲೆ ಮಾತ್ರ ಎತ್ತರದಲ್ಲೇ ನಿಂತಿತ್ತು. ಅಂಥ ಕಡೆ ಕೀ ಕೊಟ್ಟು ಬರುವುದೇ ಜಾಣತನ. ಆ ನಷ್ಟ ಹೊರುವುದಕ್ಕೇ ನೀವು ಅಷ್ಟು ದಿನ ಕಂಪನಿಗೆ ಕಂತು ಕಟ್ಟಿದ್ದು ಅನ್ನಬಹುದು. ಬೇಕಿದ್ದರೆ ಅದೇ ಮಾದರಿಯ ಹಳೇ ಗಾಡಿಯನ್ನು ಹೊರಗೆ ಅಗ್ಗಕ್ಕೆ ಹುಡುಕಿ.

ಬೆಲೆ ಸರಿಯಿದ್ದರೆ ಬ್ಯಾಟರಿ ನೋಡಿಸಿ. ಅನೇಕ ತಯಾರಕರು ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಅಷ್ಟರೊಳಗೆ ಸಾಮರ್ಥ್ಯ ಶೇಕಡಾ 70ಕ್ಕಿಂತ ಕೆಳಗೆ ಇಳಿದರೆ ಅವರ ಜವಾಬ್ದಾರಿ. ನಿಮ್ಮ ಗಾಡಿಯದು ಎಷ್ಟು, ಹೆಸರು ಬದಲಾದರೂ ವಾರಂಟಿ ಮುಂದುವರಿಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿಯ ಆರೋಗ್ಯದ ವರದಿಯನ್ನೂ ಕೇಳಿ ಪಡೆಯಿರಿ. ಪೂರ್ತಿ ಚಾರ್ಜ್ ಮಾಡಿದಾಗ ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರ್ ನೋಡಿ ನಂಬಬೇಡಿ. ಅದು ನೀವು ಇತ್ತೀಚೆಗೆ ಓಡಿಸಿದ ರೀತಿಯ ಮೇಲೆ, ಚಳಿ ಬಿಸಿಲಿನ ಮೇಲೆ ಏರಿಳಿಯುತ್ತದೆ.

ಪ್ರಶ್ನೆ: ಗಾಡಿ ನನಗೆ ಬೇಡ, ಆದರೆ ನನ್ನ ತಮ್ಮನಿಗೆ ಬೇಕು. ಅವನೇ ನೇರವಾಗಿ ಕಂಪನಿಯಿಂದ ಕೊಳ್ಳಬಹುದಾ?

ಉತ್ತರ: ಮೊದಲು ಬಹಳ ಕಡೆ ಬಿಡುತ್ತಿದ್ದರು. 2021ರಲ್ಲಿ ಹಳೇ ಗಾಡಿ ಬೆಲೆ ಏರಿದಾಗ ಅನೇಕ ಕಂಪನಿಗಳು 'ಲೀಸ್ ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ' ಅಂತ ಬಾಗಿಲು ಹಾಕಿದವು. ನಿಮ್ಮವರ ನಿಯಮ ಕೇಳಿ ತಿಳಿಯಿರಿ. ಒಪ್ಪದಿದ್ದರೆ ನೀವು ಕೊಂಡು, ನಿಮ್ಮ ಹೆಸರಿಗೆ ಆದ ಮೇಲೆ ತಮ್ಮನಿಗೆ ವರ್ಗ ಮಾಡಬೇಕು. ಎರಡು ಸಲ ವರ್ಗಾವಣೆ ಅಂದರೆ ಎರಡು ಸಲ ಶುಲ್ಕ, ಕೆಲವು ಕಡೆ ಎರಡು ಸಲ ತೆರಿಗೆ. ಹತ್ತಿರದ ಸಂಬಂಧಿಕರಿಗೆ ರಿಯಾಯಿತಿ ಇರುವ ಕಡೆಯೂ ಇದೆ, ವಿಚಾರಿಸಿ. ತಮ್ಮನಿಗೆ ಗಾಡಿಯ ಗುಣ ಅವಗುಣ ಎರಡನ್ನೂ ಮೊದಲೇ ಹೇಳಿಬಿಡಿ. ಆಮೇಲೆ ಹಬ್ಬ ಹುಣ್ಣಿಮೆಯಲ್ಲಿ ಮುಖ ನೋಡಬೇಕಲ್ಲ.

ಪ್ರಶ್ನೆ: ಗಾಡಿ ನಮ್ಮ ಆಫೀಸಿನವರು ಕೊಟ್ಟಿದ್ದು. ನಾಲ್ಕು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ. ನನಗೂ ಇದೇ ನಿಯಮವಾ?

ಉತ್ತರ: ಅಲ್ಲ. ಒಪ್ಪಂದದಲ್ಲಿ ಸಹಿ ನಿಮ್ಮದಲ್ಲ, ಆಫೀಸಿನದ್ದು. ಕೊಳ್ಳುವ ಹಕ್ಕು ಇದ್ದರೆ ಅದು ಅವರಿಗೆ. ಮಾಮೂಲು ಲೀಸ್‌ನಲ್ಲಿ ಗಾಡಿಯ ಬೆಲೆ ಬಿದ್ದರೆ ನಷ್ಟ ಲೀಸ್ ಕಂಪನಿಯದ್ದು. ವ್ಯಾಪಾರದವರು ತೆಗೆದುಕೊಳ್ಳುವ ಎಷ್ಟೋ ಲೀಸ್‌ಗಳಲ್ಲಿ ಆ ನಷ್ಟ ಗಾಡಿ ತೆಗೆದುಕೊಂಡವರ ತಲೆ ಮೇಲೆ. ಹಾಗಾಗಿ ನಿಮಗೆ ಯಾವ ಬೆಲೆಗೆ ಕೊಡುತ್ತಾರೆ ಅನ್ನುವುದು ಅವರ ಲೆಕ್ಕದ ಮೇಲೆ ನಿಂತಿದೆ. ಹೊರಗಿನ ಬೆಲೆಗಿಂತ ತೀರಾ ಕಡಿಮೆಗೆ ಕೊಟ್ಟರೆ ಆ ವ್ಯತ್ಯಾಸವನ್ನು ನಿಮ್ಮ ಸಂಬಳದ ಭಾಗ ಅಂತ ತೆರಿಗೆಯವರು ಹಿಡಿಯಬಹುದು. ಸಂಬಳದ ಲೆಕ್ಕ ನೋಡುವವರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ದುಡ್ಡು ಕಟ್ಟಿ ಆಯಿತು. ಇನ್ನು ನಿಶ್ಚಿಂತೆ ತಾನೇ?

ಉತ್ತರ: ಇನ್ನೂ ಇಲ್ಲ. ದುಡ್ಡು ಕಟ್ಟಿದ್ದಕ್ಕೆ ರಸೀದಿ ಒಂದು, ಬಾಕಿ ಏನೂ ಇಲ್ಲ ಅನ್ನುವ ಪತ್ರ ಇನ್ನೊಂದು. ಎರಡೂ ಬೇಕು. ನೋಂದಣಿಯಲ್ಲಿ ಕಂಪನಿಯ ಹೆಸರು ತೆಗೆದು ನಿಮ್ಮ ಹೆಸರು ಬಂದ ಮೇಲೆಯೇ ಗಾಡಿ ನಿಮ್ಮದು. ಅಲ್ಲಿಯವರೆಗೆ ಬೆನ್ನು ಬಿಡಬೇಡಿ, ವಾರಕ್ಕೊಂದು ಫೋನ್ ಮಾಡಿ. ಕಂತು ತಾನಾಗಿಯೇ ಬ್ಯಾಂಕಿನಿಂದ ಹೋಗುವಂತೆ ಮಾಡಿದ್ದರೆ ಅದನ್ನು ನಿಲ್ಲಿಸಿ. ಮುಗಿದ ಲೀಸ್‌ಗೂ ಒಂದು ಕಂತು ಹೋದದ್ದನ್ನು ನೋಡಿದ್ದೇನೆ, ವಾಪಸ್ ಬರಲು ಎರಡು ತಿಂಗಳಾಯಿತು.

ವಿಮೆ ಮರೆಯಬೇಡಿ. ಹಳೇ ಪಾಲಿಸಿಯಲ್ಲಿ ಮಾಲೀಕರು ಅಂತ ಲೀಸ್ ಕಂಪನಿಯ ಹೆಸರಿರುತ್ತದೆ. ಅಪಘಾತವಾದರೆ ಪರಿಹಾರದ ದುಡ್ಡು ಅವರ ಕಡೆ ಹೋಗುತ್ತದೆ. ಹೆಸರು ಬದಲಾದ ದಿನವೇ ಪಾಲಿಸಿಯನ್ನೂ ಬದಲಾಯಿಸಿ. ಗಾಡಿ ಪೂರ್ತಿ ಹಾಳಾದಾಗ ಪರಿಹಾರಕ್ಕೂ ಬಾಕಿಗೂ ನಡುವಿನ ವ್ಯತ್ಯಾಸ ತುಂಬುವ ಗ್ಯಾಪ್ ವಿಮೆ ಇದ್ದರೆ, ಅದು ಲೀಸ್ ಜೊತೆಗೇ ಮುಗಿಯುತ್ತದೆ. ಹೊಸ ಸಾಲ ಮಾಡಿದ್ದರೆ ಅದಕ್ಕೆ ಬೇರೆ ಬೇಕಾ ಅಂತ ಯೋಚಿಸಿ.

ಪ್ರಶ್ನೆ: ಮೇಡಂ, ಮಗಳು ಡ್ರೈವಿಂಗ್ ಕಲಿತದ್ದು ಈ ಕಾರಿನಲ್ಲೇ. ಲೆಕ್ಕ ಹಾಕಿದರೆ ವಾಪಸ್ ಕೊಡುವುದೇ ಸರಿ, ಕೊಂಡರೆ ಸ್ವಲ್ಪ ನಷ್ಟ ಇದೆ. ಮನಸ್ಸು ಒಪ್ಪುತ್ತಿಲ್ಲ. ನಾಡಿದ್ದು ಕೊನೇ ದಿನ. ಕೊಟ್ಟ ಮೇಲೆ ಬೇಕು ಅನ್ನಿಸಿದರೆ ವಾಪಸ್ ಸಿಗುತ್ತದಾ?

ಉತ್ತರ: ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ವಾಪಸಾತಿ ಕಾಗದಕ್ಕೆ ಸಹಿ ಬಿದ್ದರೆ ನಿಮ್ಮ ಕೊಳ್ಳುವ ಹಕ್ಕು ಮುಗಿಯಿತು. ನಮ್ಮ ಅಂಗಳದಿಂದ ಗಾಡಿಗಳು ಲಾರಿ ಹತ್ತಿ ಹರಾಜಿಗೆ ಹೋಗುತ್ತಿದ್ದವು, ಕೆಲವು ಮರುದಿನವೇ. ಒಂದು ಸಲ ಒಬ್ಬ ಹೆಂಗಸು ಐದು ದಿನದ ಮೇಲೆ ಓಡಿಬಂದರು. ಗಾಡಿ ಬೇಕು, ಇವತ್ತೇ ಪೂರ್ತಿ ಕಟ್ಟುತ್ತೇನೆ ಅಂತ. ನಿಲ್ಲಿಸಿದ್ದ ಜಾಗದಲ್ಲಿ ಆಯಿಲ್ ಕಲೆ ಮಾತ್ರ ಇತ್ತು. ಅವರು ಅಲ್ಲೇ ಸ್ವಲ್ಪ ಹೊತ್ತು ನಿಂತು ಹೋದರು.

'ಸ್ವಲ್ಪ ನಷ್ಟ' ಅಂದಿರಲ್ಲ, ಅದು ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಅಷ್ಟು ಕೊಟ್ಟರೆ ಈ ಕಾರನ್ನು ಇನ್ನೂ ಐದು ವರ್ಷ ಓಡಿಸಬಹುದು ಅಂತ ಮಗಳಿಗೂ ತೋರಿಸಿ. ಅವಳು 'ಬೇಡಮ್ಮ, ಬೇರೆ ತಗೊಳ್ಳೋಣ' ಅನ್ನಬಹುದು. ಮಕ್ಕಳಿಗೆ ಹೊಸ ಗಾಡಿಯೇ ಇಷ್ಟ. ಅವಳೂ ಇದೇ ಬೇಕು ಅಂದರೆ, ಆ ದುಡ್ಡು ನಿಮಗೆ ಭಾರವಲ್ಲ ಅಂದರೆ, ನಾಳೆ ಬೆಳಿಗ್ಗೆಯೇ ಲೀಸ್ ಕಂಪನಿಗೆ ಫೋನ್ ಮಾಡಿ. ನಾಡಿದ್ದಿಗೆ ಕಾಯಬೇಡಿ, ಕೊನೇ ದಿನ ಆ ಫೋನ್ ಯಾರೂ ಎತ್ತುವುದಿಲ್ಲ.

ಕೊಡುವುದೇ ಅಂತ ಆದರೆ ಎರಡನೇ ಕೀ ಹುಡುಕಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅದಕ್ಕೂ ದುಡ್ಡು ಹಿಡಿಯುತ್ತಾರೆ. ಫೋನ್ ಜೋಡಿಸಿದ್ದರೆ ಕಾರಿನಿಂದ ನಿಮ್ಮ ನಂಬರುಗಳನ್ನೆಲ್ಲ ಅಳಿಸಿ. ಸೀಟಿನ ಕೆಳಗೆ ಕೈ ಹಾಕಿ ಒಮ್ಮೆ ತಡಕಿ. ಅಲ್ಲಿ ಸಿಕ್ಕ ಕ್ಲಿಪ್ಪು, ಓಲೆ, ಹಾಲು ಹಲ್ಲು ಎಲ್ಲವನ್ನೂ ನಾನು ಒಂದು ಡಬ್ಬಿಯಲ್ಲಿ ಇಡುತ್ತಿದ್ದೆ. ಹುಡುಕಿಕೊಂಡು ಬಂದವರು ತೀರಾ ಕಡಿಮೆ.